ರಬ್ಬರ್ ಕಪ್ಪೆಗೆ ಮೀನು ಬೀಳುವುದು ನಿಜವೇ?

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಬಗೆಯ ವಿಡಿಯೊ ಇದೆ. ಮುಸ್ಸಂಜೆಯಲ್ಲಿ ಒಬ್ಬಾತ ದಡದಲ್ಲಿ ನಿಂತು ಹೊಳೆಯುವ ಪ್ಲಾಸ್ಟಿಕ್ ಮೀನೊಂದನ್ನು ನೀರಿಗೆ ಎಸೆಯುತ್ತಾನೆ. ಸ್ವಲ್ಪ ಹೊತ್ತಿಗೆ ಕಣ್ಣು ಮಿನುಗುವ ದೊಡ್ಡ ಮೀನು ಮೇಲೆ ಬರುತ್ತದೆ. ಎರೆಹುಳು ಬೇಡ, ಹಿಟ್ಟಿನ ಉಂಡೆ ಬೇಡ, ಯಾವ ಕೆರೆಯಲ್ಲಾದರೂ ಯಾವ ಮೀನಾದರೂ ಬೀಳುತ್ತದೆ ಎಂಬ ಬರಹ, ಕೊಳ್ಳಲು ಒಂದು ಲಿಂಕ್. ಹೊಸಕೋಟೆ ಕೆರೆ ಏರಿಯ ಮೇಲೆ ನಿಂತು ಇದನ್ನು ಮಾಡಿದರೆ ಏನಾಗುತ್ತದೆ?

ಮೊದಲು ಆ ಕಣ್ಣಿನ ವಿಷಯ. ವಿಡಿಯೊದಲ್ಲಿರುವುದು ಹೆಚ್ಚಾಗಿ ವಾಲ್‌ಐ ಎಂಬ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಬೆಕ್ಕಿನ ಕಣ್ಣಿನಲ್ಲಿರುವಂತೆ ಅದರ ಕಣ್ಣಿನ ಹಿಂಭಾಗದಲ್ಲೂ ಬೆಳಕನ್ನು ಹಿಂದಿರುಗಿಸುವ ಪದರವಿದೆ. ಮಬ್ಬುಗತ್ತಲಲ್ಲಿ ಸಣ್ಣ ಮೀನುಗಳಿಗಿಂತ ಅದಕ್ಕೇ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಕತ್ತಲಾಗುವ ಹೊತ್ತಿಗೆ ಬೇಟೆಗೆಂದು ದಡದ ಹತ್ತಿರ ಬರುತ್ತದೆ, ಎಸೆದ ಕೃತಕ ಎರೆಗೆ ಸಿಗುತ್ತದೆ. ನಮ್ಮ ಕೆರೆಗಳಲ್ಲಿ ಈ ಮೀನೇ ಇಲ್ಲ.

ಇರುವುದೇನು? ಮೀನುಗಾರರು ಮರಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಮೃಗಾಲ್. ಎಲ್ಲೆಡೆ ತುಂಬಿಕೊಂಡಿರುವ ಜಿಲೇಬಿ. ಕಾಟ್ಲಾ ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಇವುಗಳ ಮುಂದೆ ಪ್ಲಾಸ್ಟಿಕ್ ಮೀನು ಎಷ್ಟು ಕುಣಿದರೂ ಅಷ್ಟೇ. ಹಿಟ್ಟಿನ ಉಂಡೆಯಲ್ಲೇ ಕೂರುವ ಹಳಬರು ಹಳೇ ಕಾಲದವರೆಂದು ನಗಬೇಕಾಗಿಲ್ಲ, ಅವರ ಲೆಕ್ಕ ಸರಿಯಾಗಿದೆ.

ನಮ್ಮಲ್ಲಿ ವಾಲ್‌ಐ ಜಾಗದಲ್ಲಿ ನಿಲ್ಲುವ ಮೀನೆಂದರೆ ಕೊರಮೀನು, ಮಾರುಕಟ್ಟೆಯಲ್ಲಿ ಮುರ್ರೆಲ್ ಎನ್ನುತ್ತಾರಲ್ಲ, ಅದು. ಜೊಂಡು, ಕಳೆ ಬೆಳೆದ ಅಂಚಿನಲ್ಲಿ ಅಲುಗಾಡದೆ ಹೊಂಚು ಹಾಕಿ, ಕಪ್ಪೆಯೋ ಮರಿಮೀನೋ ಹಾದರೆ ಮೇಲೆರಗುವ ಬೇಟೆಗಾರ. ರಬ್ಬರ್ ಕಪ್ಪೆಗೆ ಬೀಳುವುದು ಇದೇ.

ಇದಕ್ಕೆ ಬಣ್ಣವಾಗಲಿ, ಜಾಹೀರಾತಿನ ‘ಮ್ಯಾಜಿಕ್ ವಾಸನೆ’ಯಾಗಲಿ ಮುಖ್ಯ ಕಾರಣವಲ್ಲ. ಮೀನಿನ ಮೈಯ ಎರಡೂ ಬದಿಯಲ್ಲಿ ಪಾರ್ಶ್ವರೇಖೆ ಎಂಬ ಸಂವೇದನಾ ಅಂಗವಿದೆ. ಹತ್ತಿರದಲ್ಲಿ ಏನಾದರೂ ಅಲುಗಾಡಿದರೆ ನೀರಿನಲ್ಲೇಳುವ ಸಣ್ಣ ಒತ್ತಡವನ್ನೂ ಅದು ಹಿಡಿಯುತ್ತದೆ. ಮಣ್ಣು ಬಣ್ಣದ ಕೆರೆ ನೀರಿನಲ್ಲಿ ಕಣ್ಣಿಗೆ ಸಿಗದ್ದು ಹೀಗೆ ಸಿಗುತ್ತದೆ. ಬಿಟ್ಟು ಬಿಟ್ಟು ಎಳೆದ ರಬ್ಬರ್ ಕಪ್ಪೆ ಈಜುವ ಕಪ್ಪೆಯಂತೆಯೇ ನೀರು ಕಲಕುತ್ತದೆ. ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೂ ಸಿಕ್ಕಿಕೊಳ್ಳುವುದಿಲ್ಲ. ಸಾವಿರಗಟ್ಟಲೆ ಕೊಟ್ಟು ಹೊಳೆಯುವ ಎರೆ ತರಿಸುವುದು ನಮ್ಮ ಅಭಿಪ್ರಾಯದಲ್ಲಿ ದಂಡ.

ಫಾರ್ವರ್ಡ್‌ಗಳು ಹೇಳದ ಇನ್ನೊಂದು ಸಂಗತಿ ಇದೆ. ಎರೆಯನ್ನು ಕಚ್ಚಿದ ಮೀನು ಹಸಿದಿತ್ತು ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ಕೊರಮೀನಿನ ಮಟ್ಟಿಗೆ ಇದು ಎಲ್ಲ ಸಲ ನಿಜವಲ್ಲ. ಹೆಚ್ಚಾಗಿ ಮಳೆಗಾಲದಲ್ಲಿ ಮೊಟ್ಟೆಯಿಡುವ ಈ ಮೀನು, ಮರಿಗಳಾದ ಮೇಲೂ ವಾರಗಟ್ಟಲೆ ಕಾವಲು ಕಾಯುತ್ತದೆ. ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿಗಳು ಗುಂಪಾಗಿ ಉಸಿರಿಗೆಂದು ಮೇಲೆ ಬಂದಾಗ ನೀರಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕಾಣುತ್ತದೆ. ಕೆಳಗೇ ದೊಡ್ಡ ಮೀನು ಇರುತ್ತದೆ. ಆ ಗುಂಪಿನ ನಡುವೆ ಎರೆ ಎಸೆದರೆ ಅದು ಕಚ್ಚುವುದು ತಿನ್ನಲಿಕ್ಕಲ್ಲ, ಓಡಿಸಲಿಕ್ಕೆ. ‘ಗ್ಯಾರಂಟಿ ಟ್ರಿಕ್’ ಎಂದು ಕೆಲವು ವಿಡಿಯೊಗಳು ಕಲಿಸುವುದು ಇದನ್ನೇ. ಗ್ಯಾರಂಟಿ ಏನೋ ನಿಜ. ಆದರೆ ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳೂ ಹಕ್ಕಿಗಳೂ ಮುಗಿಸುತ್ತವೆ. ಒಂದು ಮೀನಿಗೆ ಒಂದು ಇಡೀ ಸಂಸಾರ ಹೋಯಿತು. ಕಿತ್ತಳೆ ಗುಂಪು ಕಂಡ ಕಡೆ ಎಸೆಯಬೇಡಿ ಎಂದು ನಾವು ಕೇಳುವುದು ಇದಕ್ಕೇ.

ಕೆರೆಯ ಮೀನು ಯಾರದ್ದೂ ಅಲ್ಲ ಎನ್ನುವುದೂ ತಪ್ಪು. ಕರ್ನಾಟಕದಲ್ಲಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತವೆ. ದುಡ್ಡು ಕಟ್ಟಿ ಮರಿ ಬಿಟ್ಟವರಿರುತ್ತಾರೆ. ಗಾಳ ಹಾಕುವ ಮೊದಲು ಕೇಳಿಕೊಳ್ಳಿ.

ಇನ್ನು ತುಂಡಾದ ದಾರ. ದಕ್ಷಿಣ ಪಿನಾಕಿನಿಯ ನೀರು ಸೇರುವ ಹೊಸಕೋಟೆ ಕೆರೆಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬರುತ್ತವೆ. ಅವು ಮೀನು ಹುಡುಕುವುದೂ ದಡದ ಅದೇ ತಿಳಿ ಆಳದಲ್ಲಿ. ಕಳೆಯಲ್ಲಿ ಉಳಿದ ತಂಗೂಸಿ ಬೇಗ ಕೊಳೆಯುವುದಿಲ್ಲ, ಕಾಲಿಗೋ ಕೊಕ್ಕಿಗೋ ಸುತ್ತಿಕೊಂಡರೆ ಹಕ್ಕಿ ಹಸಿದೇ ಸಾಯಬಹುದು. ತುಂಡುಗಳನ್ನು ಸುತ್ತಿ ಮನೆಗೆ ತನ್ನಿ. ತಲೆಯ ಮೇಲೆ ಕರೆಂಟ್ ತಂತಿ ಹಾದುಹೋಗಿದ್ದರೆ ಅಲ್ಲಿ ರಾಡ್ ಬೀಸಲೇಬೇಡಿ, ಈಗಿನ ಕಾರ್ಬನ್ ಫೈಬರ್ ರಾಡ್‌ಗಳಲ್ಲಿ ವಿದ್ಯುತ್ ಹರಿಯುತ್ತದೆ.

ಗೊತ್ತಿಲ್ಲದೆ ಕಾವಲು ಮೀನೇ ಗಾಳಕ್ಕೆ ಬಿದ್ದರೆ? ಗಾಬರಿ ಬೇಡ. ಕೊರಮೀನು ಕಿವಿರಿನ ಜೊತೆಗೆ ಗಾಳಿಯನ್ನೂ ಉಸಿರಾಡುವ ಜಾತಿ, ಹೊರಗೆ ತೆಗೆದ ಕೂಡಲೇ ಸಾಯುವುದಿಲ್ಲ. ಸಂತೆಯಲ್ಲಿ ಗಂಟೆಗಟ್ಟಲೆ ಬುಟ್ಟಿಯಲ್ಲಿ ಒದ್ದಾಡುವುದನ್ನು ನೋಡಿರುತ್ತೀರಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಇಕ್ಕಳದಿಂದ ಕೊಕ್ಕೆ ಬಿಡಿಸಿ. ಬಿಡುವಾಗ ಹಿಡಿದ ಜಾಗದಲ್ಲೇ ಬಿಡಿ, ಮರಿಗಳು ಅಲ್ಲೇ ಎಲ್ಲೋ ಇರುತ್ತವೆ.