‘ಹೇಗೂ ಹೋಗೋದೇ ಅಲ್ವಾ’ ಅನ್ನೋರಿಗೆ

ಭಾಗ 1

ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್, ಮೇಸಾ ಕಡೆಯ ಕನ್ನಡದವರೇ, ಈ ಸರಣಿ ನಿಮಗೆ. ಸ್ವಲ್ಪ ಜಗಳಕ್ಕೇ ಬಂದಿದ್ದೀನಿ ಅಂದ್ಕೊಳ್ಳಿ.

ಮೊದಲ ಫೋಟೋ ನೋಡಿ. ಯಾರ ಮನೆ ಅಂತ ಹೇಳಲ್ಲ, ಹೇಳಬೇಕಾಗೂ ಇಲ್ಲ. ನಮ್ಮವರ ಎಷ್ಟೋ ಮನೆಗಳ ಹಿತ್ತಲು ಹೀಗೇ ಇರತ್ತೆ. ಮೂಲೆಯಲ್ಲಿ ಕವರ್ ಮುಚ್ಚಿದ ಗ್ರಿಲ್, ಬಿಸಿಲಿಗೆ ಬಿರುಕುಬಿಟ್ಟ ಪ್ಲಾಸ್ಟಿಕ್ ಕುರ್ಚಿ, ಉಳಿದಿದ್ದೆಲ್ಲ ಜಲ್ಲಿ. “ಏನಾದ್ರೂ ಗಿಡ ಹಾಕಬಾರ್ದಾ?” ಅಂತ ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರತ್ತೆ: “ಬಾಡಿಗೆ ಮನೆ ರೀ, ಹೇಗೂ ಹೋಗೋದೇ ಅಲ್ವಾ.”

ಈ ಮಾತು ಹೇಳೋಕೆ ಶುರುಮಾಡಿ ಎಷ್ಟು ವರ್ಷ ಆಯ್ತು ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಮೂರು? ಆರು? ಮಗು ಹುಟ್ಟಿ ಶಾಲೆಗೆ ಸೇರಿದ್ದಾಯ್ತು, ಕಾರು ಎರಡಾಯ್ತು, ಜಲ್ಲಿ ಮಾತ್ರ ಅಲ್ಲೇ ಇದೆ.

ಕಾರಣ ನನಗೂ ಗೊತ್ತು. ಎಚ್-1ಬಿ ಮೂರು ವರ್ಷಕ್ಕೆ ಸಿಗತ್ತೆ, ಸಾಮಾನ್ಯವಾಗಿ ಆರಕ್ಕೆ ಮುಗಿಯತ್ತೆ, ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದರೆ ಎಳೀತಾ ಹೋಗತ್ತೆ. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ವರ್ಷಕ್ಕೆ ಶೇಕಡಾ 7ರ ಮಿತಿ. ಭಾರತದವರ ಸಾಲು ಎಷ್ಟು ಉದ್ದ ಅಂತ ಆ ಸಾಲಿನಲ್ಲಿ ನಿಂತೋರಿಗೆ ನಾನು ಹೇಳಬೇಕಾ? ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲ ವೀಸಾ ಬದಲಾಯಿಸ್ಕೊಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಈ ಭಯ ಸುಳ್ಳಲ್ಲ.

ಆದರೆ ಲೆಕ್ಕ ತಪ್ಪು. ಮೆಂತ್ಯ ಸೊಪ್ಪು ಕೊಯ್ಲಿಗೆ ಬರೋಕೆ ಒಂದು ತಿಂಗಳು ಸಾಕು. ಎಳೇ ಮೂಲಂಗಿಗೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ನೀವು ಹೆದರೋ ಆ 60 ದಿನದಲ್ಲೇ ಎರಡು ಬೆಳೆ ಮೆಂತ್ಯ ತಿನ್ನಬಹುದು. ಇದೇ ಅರಿಝೋನಾದ ತೊಹೊನೊ ಓಡಮ್ ಜನ ಇಲ್ಲಿನ ಚೂರುಪಾರು ಮಳೆಗಾಲಕ್ಕೆ ಒಗ್ಗಿಸಿಕೊಂಡ ಮುಸುಕಿನ ಜೋಳ ಒಂದಿದೆ, ಅದರ ಹೆಸರೇ ‘60 ದಿನದ ಜೋಳ’. ಸಮಯ ಕಮ್ಮಿ ಇದೆ ಅಂತ ಅವರು ಬಿತ್ತೋದು ಬಿಡಲಿಲ್ಲ, ಬೇಗ ಬರೋ ಬೀಜ ಆರಿಸಿಕೊಂಡರು.

ನಾವೂ ಬರೋ ಜೂನ್‌ಗೆ ಈ ಊರು ಬಿಡ್ತಿದ್ದೀವಿ. ಅದಕ್ಕೇ ಈ ಅಕ್ಟೋಬರ್‌ನಲ್ಲಿ ಮಣ್ಣಿನ ಚೀಲ ಐದು ಹೆಚ್ಚಿಗೇ ತಂದಿದ್ದು.

ಭಾಗ 2

“ಈ ಮರುಭೂಮಿಯಲ್ಲಿ ಏನು ಬೆಳೆಯತ್ತೆ ಬಿಡಿ.”

ಇದು ಎರಡನೇ ಮಾತು. ಹೇಳೋರು ಬಹುತೇಕ ಮೇ ತಿಂಗಳಲ್ಲಿ ಟೊಮ್ಯಾಟೊ ಸಸಿ ತಂದು, ಜೂನ್‌ನಲ್ಲಿ ಸುಟ್ಟುಕೊಂಡು, ಆಮೇಲೆ ಕೈ ತೊಳ್ಕೊಂಡವರು. ಇಲ್ಲಿನ ಪಂಚಾಂಗವೇ ಬೇರೆ ಸ್ವಾಮಿ! ಬೆಂಗಳೂರಿನದ್ದೂ ನಡೆಯಲ್ಲ, ನ್ಯೂಜೆರ್ಸಿಯ ಭಾವನವರು ಹೇಳಿದ್ದೂ ನಡೆಯಲ್ಲ. ಮಿಕ್ಕ ಅಮೆರಿಕ ಹಿಮದಲ್ಲಿ ಹೂತುಹೋಗಿರುವಾಗ ನಮಗೆ ಹಿತ್ತಲಿನ ಸುಗ್ಗಿ.

ಸೆಪ್ಟೆಂಬರ್ ಕೊನೆಯಿಂದ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಪಾಲಕ್, ಮೂಲಂಗಿ, ಕ್ಯಾರೆಟ್, ಬಟಾಣಿ. ಕೊತ್ತಂಬರಿಯನ್ನ ಬೇಸಿಗೆಯಲ್ಲಿ ಬಿತ್ತಿದರೆ ಎಲೆ ಬಿಡೋದಕ್ಕಿಂತ ಮೊದಲೇ ಹೂವಿಗೆ ಬರತ್ತೆ. ಇಲ್ಲಿ ನವೆಂಬರ್‌ನಲ್ಲಿ ಬಿತ್ತಿದ್ದನ್ನ ಮಾರ್ಚ್‌ವರೆಗೂ ಕಿತ್ತು ಕಿತ್ತು ತಿನ್ನಬಹುದು. ಅಂಗಡಿಯ ಆ ಬಾಡಿದ ಕಟ್ಟಿಗೆ ಡಾಲರ್ ಕೊಡೋದು ಯಾಕೋ ನನಗಂತೂ ಅರ್ಥವಾಗಲ್ಲ.

ಟೊಮ್ಯಾಟೊ ಸಸಿ ಫೆಬ್ರವರಿ ಮಧ್ಯದ ಹೊತ್ತಿಗೆ, ಹೆಚ್ಚೆಂದರೆ ಮಾರ್ಚ್ ಮೊದಲ ವಾರ ನೆಲ ಸೇರಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಮೇಲೇ ನಿಂತರೆ ಹೂವು ಉದುರತ್ತೆ, ಕಾಯಿ ಕಚ್ಚಲ್ಲ. ಬದನೆ, ಮೆಣಸಿನಕಾಯಿ ಗಟ್ಟಿ ಜೀವಗಳು, ನೆರಳು ಬಟ್ಟೆ ಕಟ್ಟಿದರೆ ಬೇಸಿಗೆ ದಾಟಿ ಅಕ್ಟೋಬರ್‌ನಲ್ಲಿ ಮತ್ತೆ ಕಾಯಿ ಬಿಡ್ತವೆ.

ಇನ್ನು ಆ ಕೆಂಡದ ಬೇಸಿಗೆ. ಅಮೆರಿಕದವರ ತರಕಾರಿಗಳು ಸೋತಲ್ಲಿ ನಮ್ಮವು ಗೆಲ್ತವೆ. ಬೆಂಡೆ, ಅಲಸಂದೆ, ಹರಿವೆ, ಸಿಹಿಗೆಣಸು, ಮಧ್ಯಾಹ್ನದ ನೆರಳಿದ್ದರೆ ಬಸಳೆ. ನುಗ್ಗೆಯನ್ನ ಮಾರ್ಚ್‌ನಲ್ಲಿ ನೆಟ್ಟರೆ ಮಳೆಗಾಲ ಮುಗಿಯೋದರೊಳಗೆ ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಗೆ ಇಣುಕ್ತಾ ಇರತ್ತೆ. ಚಳಿಗೆ ಮೇಲೆಲ್ಲ ಒಣಗಿದರೂ ಬುಡದಿಂದ ಮತ್ತೆ ಚಿಗುರತ್ತೆ. ಮಲ್ಲಿಗೆಗೆ ಈ ಶಾಖವೇ ಬೇಕು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಹೇಳ್ತಾರಲ್ಲ, ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ, ಮದ್ದಲ್ಲ ಅನ್ನೋಕೂ ಹಿತ್ತಲಲ್ಲಿ ಗಿಡ ಇಲ್ಲ.

ನೆಲ ಅಗೆಯೋಕೆ ಹೋಗಬೇಡಿ. ಒಂದಡಿ ಕೆಳಗೆ ಸುಣ್ಣದ ಗಟ್ಟಿ ಪದರ ಸಿಗಬಹುದು, ಇಲ್ಲಿ ಕಲೀಚಿ ಅಂತಾರೆ, ಗುದ್ದಲಿ ಠಣ್ ಅನ್ನತ್ತೆ. ಬಾಡಿಗೆ ಮನೆಗೆ ಬಟ್ಟೆಯ ಗ್ರೋ ಬ್ಯಾಗೇ ಸರಿ. ಓನರ್ ತಕರಾರು ಮಾಡಿದರೆ ಎತ್ತಿ ಪಕ್ಕಕ್ಕಿಟ್ಟರಾಯ್ತು. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಜೂನ್‌ನಲ್ಲಿ ಬೇರು ಬೆಂದುಹೋಗತ್ತೆ. ಬಿಸಿಲಲ್ಲಿ ಬಿದ್ದಿರೋ ಪೈಪಿನ ಮೊದಲ ನೀರು ಕುದೀತಿರತ್ತೆ, ಅದನ್ನ ಬಕೆಟ್ಟಿಗೆ ಬಿಟ್ಟು ಆಮೇಲೆ ಗಿಡಕ್ಕೆ ಹಾಕಿ. ಕುಂಡ ಎತ್ತುವಾಗ ಗ್ಲೌಸ್ ಇರಲಿ, ಚೇಳು ತಂಪು ಹುಡುಕಿಕೊಂಡು ಅಡಿಯಲ್ಲಿ ಕೂತಿರತ್ತೆ. ಯೂನಿವರ್ಸಿಟಿ ಆಫ್ ಅರಿಝೋನಾದ ಕೋಆಪರೇಟಿವ್ ಎಕ್ಸ್‌ಟೆನ್ಶನ್‌ನವರು ಮ್ಯಾರಿಕೋಪ ಕೌಂಟಿಗೆ ಅಂತಲೇ ಬಿತ್ತನೆ ಕ್ಯಾಲೆಂಡರ್ ಮಾಡಿದ್ದಾರೆ, ಪುಕ್ಕಟೆ. ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಅಂಟಿಸಿ.

ಭಾಗ 3

ಕಳೆದ ಭಾಗಕ್ಕೆ ಬಂದ ಕಾಮೆಂಟುಗಳಲ್ಲಿ ಒಂದಕ್ಕೆ ಉತ್ತರ ಕೊಡಲೇಬೇಕು. “ನೀರಿಲ್ಲದ ಊರಲ್ಲಿ ತೋಟ ಮಾಡೋದು ಸರೀನಾ?”

ಸರಿಯಾದ ಪ್ರಶ್ನೆ. ವರ್ಷಕ್ಕೆ ಸುಮಾರು 180 ಮಿಲಿಮೀಟರ್ ಮಳೆ ಬೀಳೋ ಊರಿದು. ಕೊಲರಾಡೋ ನದಿಗೆ ಇತಿಹಾಸದಲ್ಲೇ ಮೊದಲ ಸಲ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿದ್ದು ಆಗಸ್ಟ್ 2021ರಲ್ಲಿ. ಮರುವರ್ಷ ಆ ನದಿಯಿಂದ ಅರಿಝೋನಾಕ್ಕೆ ಬರೋ ಪಾಲಿನಲ್ಲಿ ಶೇಕಡಾ 18ರಷ್ಟು ಕಡಿತವಾಯ್ತು. ಪೆಟ್ಟು ತಿಂದವರು ಮುಖ್ಯವಾಗಿ ಪಿನಾಲ್ ಕೌಂಟಿಯ ರೈತರು.

ಆದರೆ ಈ ಪ್ರಶ್ನೆ ಕೇಳೋರ ಮನೆ ಮುಂದೆ ಒಂದು ಸಲ ನಿಂತು ನೋಡಿ. ಬರ್ಮುಡಾ ಹುಲ್ಲು ಚಳಿಗೆ ಕಂದು ಬಣ್ಣಕ್ಕೆ ತಿರುಗತ್ತೆ, ಅದು ಅದರ ಸ್ವಭಾವ. ಅದು ಕಣ್ಣಿಗೆ ಚೆನ್ನಾಗಿಲ್ಲ ಅಂತ ಅಕ್ಟೋಬರ್‌ನಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಚೆಲ್ಲಿ ದಿನಕ್ಕೆ ಮೂರು ಹೊತ್ತು ನೀರು ಬಿಡ್ತಾರೆ. ಆ ಹುಲ್ಲನ್ನ ಯಾರೂ ತಿನ್ನಲ್ಲ, ಅದರ ಮೇಲೆ ಯಾರೂ ಕೂರಲ್ಲ, ಮೇ ಹೊತ್ತಿಗೆ ಸತ್ತೂ ಹೋಗತ್ತೆ. ಅದಕ್ಕಿಲ್ಲದ ಪಾಪಪ್ರಜ್ಞೆ ನಾಲ್ಕು ಬ್ಯಾಗ್ ಮೆಂತ್ಯಕ್ಕೆ ಯಾಕೆ?

ಲೆಕ್ಕದಿಂದ ಬೆಳೆಯಿರಿ ಅನ್ನೋದು ಬೇರೆ ಮಾತು, ಅದನ್ನ ಒಪ್ತೀನಿ. ಡ್ರಿಪ್ ಹಾಕಿ, ಮೇಲೆ ಒಣಹುಲ್ಲು ಮುಚ್ಚಿ, ಸೂರ್ಯ ಏರೋಕ್ಕೆ ಮುಂಚೆ ನೀರು ಬಿಡಿ. ದಿನಕ್ಕೆ 400 ಗ್ಯಾಲನ್ ಒಳಗೆ ಬಟ್ಟೆ ಒಗೆದ ನೀರು, ಸ್ನಾನದ ನೀರನ್ನ ಹಿತ್ತಲಿಗೆ ಬಳಸೋಕೆ ಅರಿಝೋನಾದಲ್ಲಿ ಪ್ರತ್ಯೇಕ ಅರ್ಜಿ ಬೇಕಿಲ್ಲ. ನಿಯಮ ಇದೆ: ಅಡುಗೆಮನೆ ಸಿಂಕಿನ ನೀರು ಕೂಡದು, ಸ್ಪ್ರೇ ಮಾಡೋ ಹಾಗಿಲ್ಲ, ಸೊಪ್ಪು ತರಕಾರಿಗೆ ಹಾಕೋ ಹಾಗಿಲ್ಲ. ನಿಂಬೆ, ಕಿತ್ತಳೆ ಜಾತಿಯ ಮರಕ್ಕೆ ಹಾಕಬಹುದು. ಊರಲ್ಲಿ ಬಚ್ಚಲ ನೀರಿಗೆ ಬಾಳೆ ನೆಟ್ಟವರ ಮಕ್ಕಳು ಮೊಮ್ಮಕ್ಕಳು ನಾವು, ಇದನ್ನ ಇನ್ನೊಬ್ಬರಿಂದ ಕಲೀಬೇಕಾ?

ಈ ಊರಿಗೆ ಕಾಲುವೆ ತಂದಿದ್ದೂ ನಿನ್ನೆ ಮೊನ್ನೆಯವರಲ್ಲ. ಹೊಹೊಕಾಮ್ ಅಂತ ಕರೆಯೋ ಜನ ಯಂತ್ರವಿಲ್ಲದೆ, ಭಾರ ಎಳೆಯೋ ಪ್ರಾಣಿಯಿಲ್ಲದೆ, ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿ ಶತಮಾನಗಳ ಕಾಲ ಜೋಳ, ಬೀನ್ಸ್, ಹತ್ತಿ ಬೆಳೆದರು. 1450ರ ಹೊತ್ತಿಗೆ ಆ ದೊಡ್ಡ ಊರುಗಳು ಖಾಲಿಯಾದವು. ಇಂದಿನ ಓಡಮ್ ಜನ ಅವರನ್ನ ತಮ್ಮ ಪೂರ್ವಜರು ಅಂತಾರೆ. 1867ರಲ್ಲಿ ಜ್ಯಾಕ್ ಸ್ವಿಲಿಂಗ್ ಕಂಪನಿ ಕಟ್ಟಿ ಮತ್ತೆ ನೀರು ಹರಿಸೋಕೆ ಹೊರಟಾಗ ದಾರಿ ತೋರಿಸಿದ್ದು ಆ ಹಳೇ ಕಾಲುವೆಗಳ ಗುರುತುಗಳೇ. ಸಂಜೆ ಕಾಲುವೆ ದಂಡೆ ಮೇಲೆ ವಾಕ್ ಹೋಗ್ತೀರಲ್ಲ, ಅಲ್ಲಿ ಒಂದು ಸಲ ನೆನಪಿಸ್ಕೊಳ್ಳಿ.

ಭಾಗ 4

ಗಿಡದ ಮಾತು ಸಾಕು. ನನ್ನ ಸಿಟ್ಟು ಬರೀ ಜಲ್ಲಿ ಮೇಲಲ್ಲ.

ಮೂರು ದಿನ ರಜೆ ಸಿಕ್ಕರೆ ನಮ್ಮವರು ಸ್ಯಾನ್ ಡಿಯೇಗೊ ಅಂತ ಓಡ್ತಾರೆ. ಊರಿಂದ ಅಪ್ಪ ಅಮ್ಮ ಬಂದರೆ ಗ್ರ್ಯಾಂಡ್ ಕ್ಯಾನ್ಯನ್, ಸೆಡೋನಾ, ಲಾಸ್ ವೇಗಸ್. ಫೀನಿಕ್ಸ್ ತೋರಿಸೋದು ಅಂದ್ರೆ ದೇವಸ್ಥಾನ ಮತ್ತು ಕಾಸ್ಟ್ಕೊ. ಊರೊಳಗೇ 16,000 ಎಕರೆಗೂ ಮಿಕ್ಕಿದ ಸೌತ್ ಮೌಂಟನ್ ಪಾರ್ಕ್ ಇದೆ, ಹತ್ತು ವರ್ಷ ಇದ್ದೂ ಅಲ್ಲಿ ಸೂರ್ಯೋದಯ ನೋಡದವರು ನನಗೆ ಗೊತ್ತು. ಡೆಸರ್ಟ್ ಬೊಟಾನಿಕಲ್ ಗಾರ್ಡನ್ 1939ರಿಂದ ಇದೆ, ಅಲ್ಲಿಗೆ ಒಂದೇ ಸಲ, ದೀಪ ಹಚ್ಚಿದ ದಿನ ಸೆಲ್ಫಿಗೆ.

ಮಾರ್ಚ್ ಕೊನೆಯಲ್ಲಿ ಕಿಟಕಿ ತೆಗೆದಿಟ್ಟು ಮಲಗಿದ್ದೀರಾ? ಹಳೇ ಬಡಾವಣೆಗಳಲ್ಲಿ ಕಿತ್ತಳೆ ಹೂವಿನ ಘಮ ರಸ್ತೆಗೇ ಬರತ್ತೆ. ಏಪ್ರಿಲ್‌ನಲ್ಲಿ ಪಾಲೋ ವರ್ಡೆ ಮರಗಳು ಫುಟ್‌ಪಾತಿಗೆಲ್ಲ ಹಳದಿ ಚೆಲ್ತವೆ. ಮೇ ತಿಂಗಳಲ್ಲಿ ಸಗ್ವಾರೋ ಕಳ್ಳಿ ನೆತ್ತಿಯ ಮೇಲೆ ಬಿಳಿ ಹೂ ಮುಡೀತವೆ, ರಾತ್ರಿ ಅರಳಿ ಮರುದಿನಕ್ಕೆ ಮುಚ್ಚಿಕೊಳ್ಳೋ ಹೂವು, ಬೆಳಗ್ಗೆ ಬೇಗ ಎದ್ದವರಿಗಷ್ಟೇ. ಜುಲೈನ ಮೊದಲ ಮಳೆ ಬಿದ್ದಾಗ ಕ್ರಿಯೋಸೋಟ್ ಪೊದೆಯ ವಾಸನೆ ಬರತ್ತಲ್ಲ, ಮಲೆನಾಡಿನ ಮಣ್ಣಿನ ವಾಸನೆಗೆ ಹೋಲಿಸಬೇಡಿ, ಇದು ಬೇರೆ, ಖಾರ, ಔಷಧದ ಹಾಗೆ. ನೀವು ಆಗ ಎಸಿ ಒಳಗೆ ಕೂತು “ಊರಲ್ಲಿ ಮಳೆ ಶುರುವಾಯ್ತಂತೆ” ಅಂತ ವಿಡಿಯೋ ನೋಡ್ತಿರ್ತೀರಿ.

ಬೇಸಿಗೆಯನ್ನ ಹೊಗಳ್ತಿಲ್ಲ. 2023ರಲ್ಲಿ 31 ದಿನ ಸತತ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ದಾಟಿತ್ತು. ಆ ವರ್ಷ ಈ ಕೌಂಟಿಯಲ್ಲಿ ಬಿಸಿಲಿನ ಸಂಬಂಧ ಸತ್ತವರು 645 ಜನ. ಜುಲೈ ಮಧ್ಯಾಹ್ನ ಹೊರಗೆ ಹೋಗಿ ಅಂತ ಯಾರಿಗೂ ಹೇಳಲಾರೆ. ಆದರೆ ನಾಲ್ಕು ತಿಂಗಳ ಸೆಕೆಯನ್ನ ಹನ್ನೆರಡು ತಿಂಗಳಿಗೂ ಹಚ್ಚಿ ಗೊಣಗೋದಿದೆಯಲ್ಲ, ಅದು ಬಿಸಿಲಿನ ತಪ್ಪಲ್ಲ.

ಭಾಗ 5, ಕೊನೆಯದು

ಹೊರಡೋರಿಗೆ ಕೆಲವು ಮಾತು, ನಾವೂ ಇದೇ ತಯಾರಿಯಲ್ಲಿದ್ದೀವಿ.

ಕರಿಬೇವಿನ ಕುಂಡವನ್ನ ಕಾರಿನ ಹಿಂದಿನ ಸೀಟಲ್ಲಿ ಇಟ್ಟುಕೊಂಡು ಕ್ಯಾಲಿಫೋರ್ನಿಯಾಗೆ ಹೋಗೋ ಯೋಚನೆ ಬಿಡಿ. ಕರಿಬೇವು ನಿಂಬೆ ಕುಟುಂಬದ ಗಿಡ. ಫ್ಲೋರಿಡಾದ ಕಿತ್ತಳೆ ತೋಟಗಳನ್ನ ನೆಲಕಚ್ಚಿಸಿದ ರೋಗವನ್ನ ಹರಡೋ ಪುಟ್ಟ ಕೀಟಕ್ಕೆ ಇದೂ ಮನೆ. ಹಾಗಾಗಿ ಸಿಟ್ರಸ್ ಗಿಡಗಳಿಗೂ ಕರಿಬೇವಿಗೂ ಕಟ್ಟುನಿಟ್ಟಾದ ನಿರ್ಬಂಧ, ಐ-10 ಹೆದ್ದಾರಿಯಲ್ಲಿ ಬ್ಲೈಥ್ ಹತ್ತಿರ ತಪಾಸಣಾ ಕೇಂದ್ರವೇ ಇದೆ. ಬೇರೆ ರಾಜ್ಯಕ್ಕೆ ಹೋಗೋರು ಅಲ್ಲಿನ ಕೃಷಿ ಇಲಾಖೆಯ ನಿಯಮ ಓದ್ಕೊಂಡೇ ಹೊರಡಿ. “ಒಂದು ಗಿಡದಿಂದ ಏನಾಗತ್ತೆ” ಅನ್ನಬೇಡಿ, ತೋಟ ಕಳಕೊಂಡ ಊರುಗಳಲ್ಲೂ ಮೊದಲು ಹಾಗೇ ಅಂದಿರ್ತಾರೆ.

ಒಯ್ಯೋಕಾಗಲ್ಲ ಅನ್ನೋದು ನೆಡದೇ ಇರೋಕೆ ಕಾರಣವಲ್ಲ. ಐದು ವರ್ಷ ಒಗ್ಗರಣೆಗೆ ಎಲೆ ಕೊಟ್ಟ ಗಿಡ ಇನ್ನೇನು ಕೊಡಬೇಕಿತ್ತು? ಇದೇ ಊರಲ್ಲಿ ಉಳಿಯೋ ಪಕ್ಕದ ರಸ್ತೆಯವರಿಗೆ ದಾಟಿಸಿ, ಡಿಸೆಂಬರ್ ಚಳಿಗೆ ಒಳಗಿಡಬೇಕು ಅಂತ ಹೇಳಿಕೊಡಿ. ಅಲಸಂದೆ, ಬೆಂಡೆ, ಹರಿವೆಯ ಬೀಜ ಒಣಗಿಸಿ ಲಕೋಟೆಗೆ ಹಾಕಿ, ಮೇಲೆ ತಿಂಗಳು ಬರೆದು ಹಂಚಿ. ಖಾಲಿ ಬ್ಯಾಗು, ಡ್ರಿಪ್ ಪೈಪು, ನೆರಳು ಬಟ್ಟೆ ಹೊಸದಾಗಿ ಬಂದವರಿಗೆ ಕೊಡಿ, ಫೇಸ್‌ಬುಕ್‌ನಲ್ಲಿ ಹತ್ತು ಡಾಲರಿಗೆ ಮಾರೋಕೆ ಕೂರಬೇಡಿ ದಯವಿಟ್ಟು.

ಹಿತ್ತಲಲ್ಲಿ ನಿಂಬೆ ಮರ ಇದ್ದರೆ ಮುಂದೆ ಆ ಮನೆಗೆ ಬರೋರಿಗೆ ಒಂದು ಚೀಟಿ ಬರೆದಿಡಿ. ನೀರು ಕಾಂಡದ ಬುಡಕ್ಕಲ್ಲ, ರೆಂಬೆಗಳ ಅಂಚಿನ ನೇರಕ್ಕೆ ಸುತ್ತಲೂ ಹಾಕಬೇಕು. ದಿನಾ ಚೂರು ಚೂರಲ್ಲ, ಬಿಟ್ಟು ಬಿಟ್ಟು, ಆಳಕ್ಕೆ ಇಳಿಯೋ ಹಾಗೆ. ಕೆಳಗಿನ ರೆಂಬೆ ಕತ್ತರಿಸಬಾರದು, ಕಾಂಡಕ್ಕೆ ಬಿಸಿಲು ಬಡಿದರೆ ಸಿಪ್ಪೆ ಸುಡತ್ತೆ. ಹಣ್ಣು ಡಿಸೆಂಬರ್‌ಗೆ ಬರತ್ತೆ. ಫ್ರಿಜ್ ಬಾಗಿಲಿಗೆ ಅಂಟಿಸಿ ಹೊರಡಿ.

ನಮ್ಮ ಹತ್ತಿರ ಹನ್ನೊಂದು ಬ್ಯಾಗ್, ಎರಡು ಮಲ್ಲಿಗೆ, ಒಂದು ಕರಿಬೇವು ಇವೆ. ಮೇ ಕೊನೆಯ ವಾರ ಕೊಡ್ತೀವಿ. ಬೇಕಾದೋರು ಮೆಸೇಜ್ ಮಾಡಿ, ಬಾಡಿಗೆ ಮನೆಯವರಿಗೆ ಮೊದಲ ಆದ್ಯತೆ.

#ಮರುಭೂಮಿಯಹಿತ್ತಲು #ಫೀನಿಕ್ಸ್‌ಕನ್ನಡಿಗರು #ಹೇಗೂಹೋಗೋದೇ