ದಾರಿ ತೋರಿಸುವ ಕೆಲಸ ನಮ್ಮದಾಗಲಿ

ನಮ್ಮ ಊರಿನ ಹೆಸರಿನ ಅರ್ಥವೇನು ಎಂದು ಎಂದಾದರೂ ಯೋಚಿಸಿದ್ದೀರಾ? ಹ್ಯಾಂಡ್‌ಪೋಸ್ಟ್ ಎಂದರೆ ಕೂಡುರಸ್ತೆಯಲ್ಲಿ ನೆಟ್ಟ ಕೈಕಂಬ. ಯಾವ ದಾರಿ ಯಾವ ಊರಿಗೆ ಹೋಗುತ್ತದೆ ಎಂದು ಕೈ ಚಾಚಿ ಹೇಳುವ ಕಂಬ. ಕರಾವಳಿ ಕಡೆ ಕೈಕಂಬ ಎಂಬ ಊರುಗಳಿವೆ, ಚಿಕ್ಕಮಗಳೂರಿನ ಬಳಿ ಕೈಮರ ಇದೆ. ನಮಗೆ ಮಾತ್ರ ಇಂಗ್ಲಿಷ್ ಹೆಸರೇ ನಿಂತಿತು. ದಾರಿ ತೋರಿಸುವುದು ನಮ್ಮ ಊರಿನ ಹೆಸರಿನಲ್ಲೇ ಇದೆ. ಆದರೆ ಈ ಸೀಮೆಯನ್ನು ನೋಡಲು ದೂರದಿಂದ ಬರುವವರಿಗೆ ದಾರಿ ತೋರಿಸುವ ಕೆಲಸ ಹೆಚ್ಚಾಗಿ ನಮ್ಮ ಕೈಯಲ್ಲಿ ಇಲ್ಲ. ಅದು ನಮ್ಮ ಕೈಗೆ ಬರಬೇಕು, ಅದಕ್ಕೆ ಸೈಕಲ್ ಒಂದು ಒಳ್ಳೆಯ ಸಾಧನ ಎಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ಜಪಾನಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಜಪಾನ್ ಎಂದರೆ ನಮಗೆ ಬುಲೆಟ್ ರೈಲು, ಟೋಕಿಯೊ, ಕಾರು, ಕ್ಯಾಮೆರಾ ನೆನಪಾಗುತ್ತವೆ. ಆದರೆ ಪ್ರಪಂಚದ ನಾನಾ ಕಡೆಯಿಂದ ಜನ ಅಲ್ಲಿನ ಹಳ್ಳಿಗಳಲ್ಲಿ ಸೈಕಲ್ ತುಳಿಯಲು ಹೋಗುತ್ತಾರೆ. ವಾರದ ಪ್ರವಾಸಕ್ಕೆ ಲಕ್ಷಾಂತರ ರೂಪಾಯಿ ಕೊಡುವವರಿದ್ದಾರೆ. ಮುಂದೆ ಒಬ್ಬ ಮಾರ್ಗದರ್ಶಿ ಇರುತ್ತಾನೆ ಅಥವಾ ಇರುತ್ತಾಳೆ. ಲಗೇಜು ವ್ಯಾನಿನಲ್ಲಿ ಬರುತ್ತದೆ. ದಿನಕ್ಕೆ ನಲವತ್ತು, ಐವತ್ತು ಕಿಲೋಮೀಟರ್ ಭತ್ತದ ಗದ್ದೆ, ಮೀನುಗಾರರ ಊರು, ಬೆಟ್ಟದ ತಪ್ಪಲು ದಾಟಿ ಸಂಜೆ ಒಂದು ಸಣ್ಣ ಊರಿನಲ್ಲಿ ತಂಗುವುದು, ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಮೈಕೈ ನೋವು ಕಳೆದುಕೊಳ್ಳುವುದು. ಈ ಬುಗ್ಗೆಗಳಿಗೆ ಅಲ್ಲಿ ಒನ್ಸೆನ್ ಎನ್ನುತ್ತಾರೆ. ಇದಕ್ಕೆಂದೇ 1948ರಲ್ಲಿ ಕಾನೂನು ಮಾಡಿದ್ದಾರೆ. ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು, ಇಲ್ಲವೇ ಕಾನೂನಿನಲ್ಲಿ ಹೇಳಿರುವ ಖನಿಜಗಳು ಅದರಲ್ಲಿರಬೇಕು. ಹಾಗಿದ್ದರೆ ಮಾತ್ರ ಅದು ಒನ್ಸೆನ್.

ಅಲ್ಲಿನ ಸಾಮೂಹಿಕ ಸ್ನಾನದ ಪದ್ಧತಿ ನಮಗೆ ಒಗ್ಗುವುದಿಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸ್ನಾನಗೃಹ ಇದ್ದರೂ ಬಟ್ಟೆಯಿಲ್ಲದೆ ಇಳಿಯುವುದು ಅಲ್ಲಿನ ವಾಡಿಕೆ. ಆದರೆ ಒಂದು ಕುಟುಂಬಕ್ಕೆಂದು ಪ್ರತ್ಯೇಕವಾಗಿ ಬಾಡಿಗೆಗೆ ಕೊಡುವ ಸ್ನಾನದ ಕೋಣೆಗಳೂ ಎಷ್ಟೋ ಕಡೆ ಇವೆ. ಬಂದವರ ರೀತಿನೀತಿಗೂ ಜಾಗ ಮಾಡಿಕೊಡುವುದು ಆತಿಥ್ಯದ ಒಂದು ಪಾಠ.

ಶಿಮಾನಾಮಿ ಕಾಯ್ದೊ ಎಂಬ ದಾರಿ ಇದಕ್ಕೆ ಹೆಸರುವಾಸಿ. ಹಿರೋಶಿಮಾ ಪ್ರಾಂತದ ಒನೊಮಿಚಿಯಿಂದ ಎಹಿಮೆ ಪ್ರಾಂತದ ಇಮಾಬಾರಿವರೆಗೆ ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿದ್ದಾರೆ. ಇದು 1999ರಲ್ಲಿ ತೆರೆಯಿತು. ಸುಮಾರು 70 ಕಿಲೋಮೀಟರ್ ದೂರ. ಸೇತುವೆ ಕಟ್ಟುವಾಗಲೇ ಸೈಕಲ್ಲಿಗೆ, ನಡೆಯುವವರಿಗೆ ಜಾಗ ಬಿಟ್ಟರು. ರಸ್ತೆಯಂಚಿನಲ್ಲಿ ನೀಲಿ ಗೆರೆ ಎಳೆದಿದ್ದಾರೆ, ಅದನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಒಂದು ಊರಿನಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಮುಂದಿನ ಊರಿನ ಕೇಂದ್ರದಲ್ಲಿ ಬಿಡಬಹುದು. 2019ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸೈಕಲ್ ಮಾರ್ಗ ಎಂದು ಘೋಷಿಸಿತು. ಅದೇ ಪ್ರಾಂತದ ಮಾತ್ಸುಯಾಮಾ ಊರಿನಲ್ಲಿ ದೋಗೊ ಎಂಬ ಹಳೆಯ ಬಿಸಿನೀರಿನ ಸ್ನಾನಗೃಹವಿದೆ. ಅದರ ಮುಖ್ಯ ಕಟ್ಟಡ 1894ರದು.

ಇದನ್ನೆಲ್ಲ ಶೋಕಿಗೆ ಮಾಡಿದ್ದಲ್ಲ. ಜಪಾನಿನ ಹಳ್ಳಿಗಳು ಖಾಲಿಯಾಗುತ್ತಿವೆ. ಓದಿದ ಮಕ್ಕಳು ಪಟ್ಟಣಕ್ಕೆ ಹೋದರು, ಮುದುಕರು ಉಳಿದರು. 2023ರ ಅಲ್ಲಿನ ಸರ್ಕಾರಿ ಸಮೀಕ್ಷೆಯಲ್ಲಿ ದೇಶದಾದ್ಯಂತ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿರುವುದು ಕಂಡುಬಂತು. ಸೈಕಲ್ ಪ್ರವಾಸದಿಂದ ಈ ಸಮಸ್ಯೆ ಬಗೆಹರಿದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಕಾರಿನಲ್ಲಿ ಬಂದವನು ಊರನ್ನು ದಾಟಿ ಹೋಗುತ್ತಾನೆ. ಸೈಕಲ್ಲಿನಲ್ಲಿ ಬಂದವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ಸುಸ್ತಾಗುತ್ತದೆ. ಅವನು ನಿಲ್ಲಲೇಬೇಕು. ನಿಂತ ಕಡೆ ನಾಲ್ಕು ಕಾಸು ಖರ್ಚು ಮಾಡುತ್ತಾನೆ, ನಾಲ್ಕು ಮಾತಾಡುತ್ತಾನೆ. ಹಣ ಒಂದೇ ಕಡೆ ಬೀಳದೆ ದಾರಿಯುದ್ದಕ್ಕೂ ಹಂಚಿಹೋಗುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಸರಗೂರು ಬೇರೆ ತಾಲ್ಲೂಕಾಗುವ ಮೊದಲು ಎಚ್.ಡಿ.ಕೋಟೆ ಒಂದೇ ತಾಲ್ಲೂಕಿನಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿದ್ದವು. ಪಕ್ಕದ ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹರಿಯುತ್ತದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಹಳ್ಳಿಹಳ್ಳಿಯಲ್ಲಿ ನಿಂತಿವೆ, ದೇವರಾಜ ಅರಸರ ಕಲ್ಲಹಳ್ಳಿ ಇದೆ. ಪಿರಿಯಾಪಟ್ಟಣದಲ್ಲಿ ಬೆಟ್ಟದಪುರದ ಬೆಟ್ಟವಿದೆ, 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರು ನೆಲೆ ಕಂಡ ಬೈಲಕುಪ್ಪೆ ಇದೆ. ಕೆ.ಆರ್.ನಗರದ ಕಡೆ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ.

ಬಿಸಿನೀರಿನ ಬುಗ್ಗೆ ಬೇಕೆಂದರೆ ಅದೂ ನಮ್ಮ ರಾಜ್ಯದಲ್ಲಿದೆ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹೋಗುವ ಹೆದ್ದಾರಿಯನ್ನೇ ಹಿಡಿದು ಕುಶಾಲನಗರ, ಮಡಿಕೇರಿ, ಸುಳ್ಯ ದಾಟಿದರೆ ಪುತ್ತೂರು ಸಿಗುತ್ತದೆ. ಆ ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರ್ ತೀರ್ಥ ಎಂಬ ಗಂಧಕದ ನೀರಿನ ಬುಗ್ಗೆ ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ನಮ್ಮಲ್ಲಿ ಎಷ್ಟು ಜನ ಇದರ ಹೆಸರು ಕೇಳಿದ್ದೇವೆ? ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ದಿನವಿಡೀ ಸೈಕಲ್ ತುಳಿದು ಬಂದವರಿಗೆ ನಮ್ಮ ಹಳ್ಳಿಯ ಬಚ್ಚಲುಮನೆಯ ಹಂಡೆಯ ಬಿಸಿನೀರು, ಆಮೇಲೆ ಬಿಸಿ ಮುದ್ದೆ, ಸೊಪ್ಪಿನ ಸಾರು ಸಾಲದೇ?

ನೋಡಲು ಜನ ಬರುತ್ತಿಲ್ಲವೇ ಎಂದರೆ ಬರುತ್ತಿದ್ದಾರೆ. ಕಬಿನಿಯ ಹಿನ್ನೀರಿನ ಸುತ್ತ ರೆಸಾರ್ಟ್‌ಗಳಿವೆ. ಕೆಲವು ಕಡೆ ಒಂದು ರಾತ್ರಿಯ ಬಾಡಿಗೆ ನಮ್ಮ ಮನೆಗಳ ಒಂದು ತಿಂಗಳ ಖರ್ಚಿಗಿಂತ ಹೆಚ್ಚು. ಬಂದವರ ಕಾರುಗಳು ನಮ್ಮ ಸರ್ಕಲ್ಲಿನಲ್ಲಿ ಗಾಜು ಏರಿಸಿಕೊಂಡೇ ದಾಟಿಹೋಗುತ್ತವೆ. ಅಲ್ಲಿ ಕೆಲಸ ಸಿಕ್ಕಿ ಮನೆ ನಡೆಸುತ್ತಿರುವ ಅಣ್ಣಂದಿರಿದ್ದಾರೆ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬಂದವರು ಆನೆ ನೋಡುತ್ತಾರೆ, ಹುಲಿ ನೋಡುತ್ತಾರೆ, ನಮ್ಮನ್ನು ನೋಡುವುದಿಲ್ಲ. ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿದಾಗ ನೀರಿನಡಿ ಹೋದ ಊರುಗಳ ಕತೆ, ಕಾಡಿನಿಂದ ಹೊರಗೆ ಬಂದ ಜೇನುಕುರುಬರ ಕತೆ ಅವರಿಗೆ ಯಾರು ಹೇಳಬೇಕು? ಆ ಊರಿನವರೇ, ಆ ಹಾಡಿಯವರೇ ಹೇಳಬೇಕು. ಹೇಳಿದ್ದಕ್ಕೆ ಅವರಿಗೆ ಸಂಬಳವೂ ಬರಬೇಕು.

ಸೈಕಲ್ ಪ್ರವಾಸಕ್ಕೆ ನಮ್ಮ ಕಡೆ ಯಾರು ಬರುತ್ತಾರೆ ಎಂದು ನಗುವವರಿಗೆ ಒಂದು ಮಾತು. ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆ 2008ರ ಡಿಸೆಂಬರಿನಲ್ಲಿ ಶುರುವಾಯಿತು. ಕರ್ನಾಟಕ, ಕೇರಳ, ತಮಿಳುನಾಡಿನ ರಸ್ತೆಗಳಲ್ಲಿ ದೇಶವಿದೇಶದ ಸವಾರರು ದಿನಗಟ್ಟಲೆ ಸೈಕಲ್ ತುಳಿಯುತ್ತಾರೆ, ಜೊತೆಗೆ ಸಹಾಯದ ವಾಹನ, ಮೆಕ್ಯಾನಿಕ್ ಇರುತ್ತಾರೆ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ನಗರದ ಜನಕ್ಕೆ ಸೈಕಲ್ಲಿನ ಆಸೆ ಇದೆ. ಆ ಆಸೆ ಹಳ್ಳಿಯ ದಾರಿಗೆ ಇನ್ನೂ ಇಳಿದಿಲ್ಲ, ಅಷ್ಟೇ.

ಇಲ್ಲಿ ನಮ್ಮ ಕಾಲೇಜಿನವರಾಗಿ ನಾವು ಯೋಚಿಸಬೇಕಾದ ಒಂದು ವಿಷಯವಿದೆ. ನಮ್ಮ ಸಮುದಾಯದವರನ್ನು ಅವಮಾನ ಮಾಡಬೇಕೆಂದಾಗ ಕೆಲವರು "ಪಂಚರ್ ಹಾಕುವವರು" ಎನ್ನುತ್ತಾರೆ. ರಾಜಕೀಯದ ಭಾಷಣಗಳಲ್ಲೂ ಈ ಮಾತು ಬಂದಿದೆ. ನಮ್ಮ ಓದುಗರಲ್ಲಿ ಕೆಲವರ ಅಬ್ಬ, ಚಾಚಾ, ಮಾಮು ಇದೇ ಕೆಲಸ ಮಾಡಿ ಮಕ್ಕಳ ಫೀಸು ಕಟ್ಟಿದ್ದಾರೆ. ಅದು ತಲೆ ತಗ್ಗಿಸುವ ಕೆಲಸವಲ್ಲ. ಸೈಕಲ್ ಪ್ರವಾಸದಲ್ಲಿ ಮಾರ್ಗದರ್ಶಿ ಇಲ್ಲದಿದ್ದರೂ ನಕ್ಷೆ ನೋಡಿ ಹೇಗೋ ಹೋಗಬಹುದು. ಟ್ಯೂಬು ತೂತಾದಾಗ, ಚೈನು ತುಂಡಾದಾಗ, ಬ್ರೇಕು ಹಿಡಿಯದಿದ್ದಾಗ ಮೆಕ್ಯಾನಿಕ್ ಇಲ್ಲದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಕೈಯಲ್ಲಿರುವ ಈ ಕಸುಬಿಗೆ ಗೇರ್ ಸೈಕಲ್, ಡಿಸ್ಕ್ ಬ್ರೇಕ್, ಬ್ಯಾಟರಿ ಸೈಕಲ್ಲಿನ ಕೆಲಸವೂ ಸೇರಿದರೆ ಅದೇ ಒಂದು ಒಳ್ಳೆಯ ಉದ್ಯೋಗ. ಅದರ ಜೊತೆ ಕನ್ನಡ, ಉರ್ದು, ಸ್ವಲ್ಪ ಇಂಗ್ಲಿಷ್, ಗಡಿಯಾಚೆಯವರೊಡನೆ ವ್ಯವಹರಿಸಿ ಕಲಿತ ಮಲಯಾಳಂ. ಇಷ್ಟು ಭಾಷೆ ಬರುವವರು ಗೈಡ್ ಆಗಲು ಇನ್ನೇನು ಬೇಕು?

ಇನ್ನು ಹುಡುಗಿಯರ ಮಾತು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿತ್ತು. ನಮ್ಮ ಅಕ್ಕಂದಿರು ಅದೇ ಸೈಕಲ್ಲಿನಲ್ಲಿ ಹೈಸ್ಕೂಲು ಮುಗಿಸಿದರು. ಕೊರೊನಾ ಬಂದ ಮೇಲೆ ಆ ಯೋಜನೆ ನಿಂತಿತು. ಬಸ್ಸು ಸರಿಯಾದ ಹೊತ್ತಿಗೆ ಬಾರದ ಹಳ್ಳಿಯ ಹುಡುಗಿಗೆ ಸೈಕಲ್ ಎಂದರೆ ಆಟದ ವಸ್ತುವಲ್ಲ, ಓದು ಮುಂದುವರಿಸುವ ದಾರಿ. ಆದರೆ ಹತ್ತನೇ ತರಗತಿ ಮುಗಿದ ಕೂಡಲೇ "ಇಷ್ಟು ದೊಡ್ಡವಳಾಗಿ ಇನ್ನೂ ಸೈಕಲ್ಲಾ?" ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಎಲ್ಲ ಜಾತಿ, ಧರ್ಮದ ಮನೆಗಳಲ್ಲೂ ಇದೆ. ಜಪಾನಿನಲ್ಲಿ ಅಮ್ಮಂದಿರ ಸೈಕಲ್ ಎಂಬ ಅರ್ಥದ ಮಾಮಾಚಾರಿ ಎಂಬ ಸೈಕಲ್ ಇದೆ. ಮುಂದೆ ಬುಟ್ಟಿ, ಬಟ್ಟೆ ಸಿಕ್ಕಿಕೊಳ್ಳದಂತೆ ಚೈನಿಗೆ ಕವರ್. ತಾಯಂದಿರು ಮಕ್ಕಳನ್ನು ಕೂರಿಸಿಕೊಂಡು ಅದರಲ್ಲೇ ಪೇಟೆಗೆ ಹೋಗಿಬರುತ್ತಾರೆ. ನಮ್ಮ ಚೂಡಿದಾರ, ಬುರ್ಖಾಗೂ ಚೈನ್ ಕವರ್ ಸಾಕು. ಅಡ್ಡಿ ಬಟ್ಟೆಯಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ಒಂದು ಊರಿನ ರಸ್ತೆಯಲ್ಲಿ ಹದಿನೇಳು ವರ್ಷದ ಹುಡುಗಿ ಧೈರ್ಯವಾಗಿ ಸೈಕಲ್ ತುಳಿಯಬಹುದಾದರೆ ಆ ರಸ್ತೆ ಯಾವ ದೇಶದ ಪ್ರವಾಸಿಗೂ ಸುರಕ್ಷಿತ. ಅದಿಲ್ಲದೆ ಪ್ರವಾಸಿಗರಿಗೆಂದು ಮಾತ್ರ ರಸ್ತೆ ಚೆಂದ ಮಾಡಿದರೆ ಅದರಿಂದ ನಮಗೇನು ಬಂತು?

ಆಕ್ಷೇಪಣೆಗಳು ಇಲ್ಲದಿಲ್ಲ. ರಸ್ತೆಯಲ್ಲಿ ಗುಂಡಿಗಳಿವೆ, ಲಾರಿಗಳ ಭಯವಿದೆ. ಕಾಡಂಚಿನಲ್ಲಿ ಆನೆ, ಹುಲಿಯ ಭಯ ಅದಕ್ಕಿಂತ ದೊಡ್ಡದು. ಇದು ಸುಮ್ಮನೆ ಹೇಳುವ ಮಾತಲ್ಲ, ಜೀವದ ಪ್ರಶ್ನೆ. ಆದ್ದರಿಂದ ಸೈಕಲ್ ದಾರಿ ಕಾಡಿನೊಳಗೆ ಹೋಗಲೇಬಾರದು, ಹೊಲಗದ್ದೆ, ನಾಲೆ ಏರಿ, ಊರುಗಳ ನಡುವೆ ಇರಬೇಕು. ಬೆಳಕು ಹರಿದ ಮೇಲೆ ಹೊರಟು ಹೊತ್ತು ಇಳಿಯುವ ಮೊದಲೇ ಊರು ಸೇರಬೇಕು. ಯಾವ ದಾರಿ ಬೇಡ ಎಂದು ಹೇಳುವುದೂ ಮಾರ್ಗದರ್ಶಿಯ ಕೆಲಸವೇ. ಶೌಚಾಲಯದ ಕೊರತೆ ಇನ್ನೊಂದು. ಜಪಾನಿನಲ್ಲಿ 1993ರಿಂದ ಮಿಚಿನೊಎಕಿ ಎಂಬ ರಸ್ತೆಬದಿಯ ನಿಲ್ದಾಣಗಳಿವೆ, ಈಗ ಅವು 1,200ಕ್ಕೂ ಹೆಚ್ಚು. ಹಗಲೂ ರಾತ್ರಿ ತೆರೆದ ಶೌಚಾಲಯ, ಕೂರಲು ಜಾಗ, ಪಕ್ಕದಲ್ಲೇ ಆ ಊರಿನ ರೈತರ ತರಕಾರಿ, ಹಣ್ಣಿನ ಮಾರಾಟ. ನಮ್ಮ ಸಂತೆ ಮೈದಾನದ ಪಕ್ಕ ಶುಚಿಯಾದ ಶೌಚಾಲಯ, ಕುಡಿಯುವ ನೀರು, ಸ್ತ್ರೀಶಕ್ತಿ ಸಂಘದ ಒಂದು ಮಳಿಗೆ ಇದ್ದರೆ ಅದೇ ನಮ್ಮ ಮಿಚಿನೊಎಕಿ. ಅದರಿಂದ ಮೊದಲು ಅನುಕೂಲ ಆಗುವುದು ಪ್ರವಾಸಿಗಲ್ಲ, ಸಂತೆಗೆ ಬರುವ ನಮ್ಮ ತಾಯಂದಿರಿಗೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಮ್ಮ ಕಾಲೇಜಿನಿಂದಲೇ ಎಂಬುದು ನನ್ನ ಸಲಹೆ. ಪ್ರಾಂಶುಪಾಲರು, ಉಪನ್ಯಾಸಕರು ದಯವಿಟ್ಟು ಯೋಚಿಸಬೇಕು. ಪ್ರತಿ ವರ್ಷ ಬಸ್ಸು ಮಾಡಿಕೊಂಡು ದೂರದ ಊರಿಗೆ ಶೈಕ್ಷಣಿಕ ಪ್ರವಾಸ ಹೋಗುವ ಬದಲು, ಒಂದು ವರ್ಷವಾದರೂ ಡಿಸೆಂಬರಿನ ತಂಪಿನಲ್ಲಿ ಎರಡು ದಿನ ಸೈಕಲ್ ಪ್ರವಾಸ ಮಾಡೋಣ. ಮೊದಲ ದಿನ ತಾರಕ ಜಲಾಶಯದ ಕಡೆ, ಎರಡನೇ ದಿನ ಸರಗೂರಿನ ಕಡೆ, ಎರಡೂ ದಿನ ಸಂಜೆಗೆ ವಾಪಸ್ ಮನೆಗೆ. ದಿನಕ್ಕೆ ಮೂವತ್ತು, ನಲವತ್ತು ಕಿಲೋಮೀಟರ್ ಮೀರುವುದು ಬೇಡ. ಹುಡುಗಿಯರ ತಂಡದ ಜೊತೆ ಮೇಡಂಗಳು ಬರಲಿ. ಹಿಂದೆ ಒಂದು ಗಾಡಿ, ಅದರಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗಾಳಿ ಪಂಪು, ನಮ್ಮೂರಿನ ಒಬ್ಬ ಮೆಕ್ಯಾನಿಕ್. ಪೋಷಕರ ಒಪ್ಪಿಗೆ ಪತ್ರ, ಪೊಲೀಸ್ ಠಾಣೆಗೆ ಮುಂಚಿತವಾಗಿ ಮಾಹಿತಿ.

ದಾರಿಯಲ್ಲಿ ಕಲಾ ವಿಭಾಗದವರು ಊರಿನ ಹಿರಿಯರಿಂದ ಕೇಳಿದ್ದನ್ನು ಬರೆದುಕೊಳ್ಳಲಿ. ವಾಣಿಜ್ಯ ವಿಭಾಗದವರಾದ ನಾವು ಒಬ್ಬರಿಗೆ ಎಷ್ಟು ಖರ್ಚು ಬಿತ್ತು, ಅದರಲ್ಲಿ ಯಾವ ಊರಿಗೆ ಎಷ್ಟು ಹೋಯಿತು ಎಂದು ಲೆಕ್ಕ ಹಾಕುತ್ತೇವೆ. ವಿಜ್ಞಾನ ವಿಭಾಗದವರು ನೀರು, ಮಣ್ಣು, ಹಕ್ಕಿಗಳನ್ನು ಗಮನಿಸಲಿ. ಎಲ್ಲರೂ ಸೇರಿ ಒಂದು ನಕ್ಷೆ ಮಾಡೋಣ. ನೆರಳು ಎಲ್ಲಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿ ತೆರೆದಿದೆ, ಎಲ್ಲಿ ಬೀಗ ಹಾಕಿದೆ, ಪಂಚರ್ ಅಂಗಡಿ ಎಲ್ಲಿದೆ, ಯಾವ ತಿರುವು ಅಪಾಯ. ಆ ನಕ್ಷೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡೋಣ. ಬರೀ ಮನವಿ ಪತ್ರಕ್ಕಿಂತ ಅದಕ್ಕೆ ತೂಕ ಹೆಚ್ಚು.

ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಹಲವರು ಮೈಸೂರಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತೇವೆ. ಹೋಗಬಾರದು ಎಂದು ಯಾರೂ ಹೇಳಲಾರರು. ಆದರೆ ಹೋಗುವ ಮುಂಚೆ ಒಮ್ಮೆ ನಮ್ಮ ಸೀಮೆಯನ್ನು ನಮ್ಮ ಕಾಲಿನ ಬಲದಲ್ಲೇ ಸುತ್ತಿ ನೋಡಿದ್ದರೆ, ಇಲ್ಲಿ ಉಳಿದು ಮಾಡುವ ಕೆಲಸವೂ ಇದೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಜಪಾನಿನ ಹಳ್ಳಿಯವರಿಗೆ ಮಕ್ಕಳೆಲ್ಲ ಹೊರಟುಹೋದ ಮೇಲೆ ಈ ಬುದ್ಧಿ ಬಂತು. ನಾವು ಇನ್ನೂ ಇಲ್ಲೇ ಇದ್ದೇವೆ. ಈ ಡಿಸೆಂಬರಿಗೆ ಯಾರು ಯಾರು ಬರುತ್ತೀರಿ, ಸೈಕಲ್ ಯಾರ ಬಳಿ ಇದೆ, ಯಾರಿಗೆ ಬೇಕು ಎಂದು ನಿಮ್ಮ ತರಗತಿಯ ಪ್ರತಿನಿಧಿಗೆ ಹೆಸರು ಕೊಡಿ.

ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ