ಕುಬ್ಜವೃಕ್ಷದ ಗಾಯಕ್ಕೆ ಯಾವ ಲೇಪ?

ಮುಂಬಯಿಯ ಹಳೆಯ ಕಟ್ಟಡಗಳ ಗೋಡೆಯ ಬಿರುಕುಗಳಲ್ಲಿಯೂ ನೀರಿನ ಕೊಳವೆಗಳ ಸಂದುಗಳಲ್ಲಿಯೂ ಆಲ, ಅರಳಿ, ಅತ್ತಿಯ ಸಸಿಗಳು ತಾವಾಗಿಯೇ ಹುಟ್ಟಿ ಬೆಳೆಯುವುದನ್ನು ನಾವೆಲ್ಲರೂ ದಿನವೂ ಕಾಣುತ್ತೇವೆ. ಹಕ್ಕಿಗಳು ತಂದು ಚೆಲ್ಲಿದ ಬೀಜದಿಂದ ಮೊಳೆತ ಈ ಅನಾಥ ಸಸಿಗಳಲ್ಲಿ ಕೈಗೆಟಕುವ ಒಂದನ್ನು ಜೋಪಾನವಾಗಿ ಬಿಡಿಸಿ ತಂದು, ಆಳವಿಲ್ಲದ ಕುಂಡದಲ್ಲಿ ನೆಟ್ಟು, ಕುಬ್ಜವೃಕ್ಷವಾಗಿ ಬೆಳೆಸುವುದು ಅಂಗೈಯಗಲದ ಬಾಲ್ಕನಿಯುಳ್ಳ ನಗರವಾಸಿಗಳಿಗೆ ಬಹಳ ತಕ್ಕ ಹವ್ಯಾಸ. ಇದನ್ನೇ ಜಪಾನೀಯರು ‘ಬೊನ್ಸಾಯ್’ ಎನ್ನುತ್ತಾರೆ. ‘ಬೊನ್’ ಎಂದರೆ ಆಳವಿಲ್ಲದ ಪಾತ್ರೆ. ‘ಸಾಯ್’ ಎಂದರೆ ನೆಡುವುದು. ಚೀನಾದಲ್ಲಿ ಹುಟ್ಟಿದ ಈ ಕಲೆ ಜಪಾನಿನಲ್ಲಿ ಪರಿಪಕ್ವವಾಯಿತು.

ಈ ಕಲೆಯಲ್ಲಿ ಕತ್ತರಿಯೇ ಕುಂಚ. ರೆಂಬೆಗಳನ್ನು ಸವರದೆ ಮರಕ್ಕೆ ಆಕಾರ ಬಾರದು. ಸವರಿದಾಗ ಗಾಯವಾಗದೆ ಇರದು. ಆಗ ಏಳುವ ಪ್ರಶ್ನೆ ಇದು: ಆ ಗಾಯಕ್ಕೆ ಯಾವ ಲೇಪವನ್ನು ಹಚ್ಚಬೇಕು? ಒಬ್ಬರು ಅರಿಸಿನವೆನ್ನುತ್ತಾರೆ, ಇನ್ನೊಬ್ಬರು ಸೆಗಣಿಯೆನ್ನುತ್ತಾರೆ, ಮತ್ತೊಬ್ಬರು ಜಪಾನಿನ ಡಬ್ಬಿಯಿಲ್ಲದೆ ಆಗದು ಎನ್ನುತ್ತಾರೆ. ಲೇಪವು ಔಷಧವಲ್ಲ, ಬರಿಯ ಹೊದಿಕೆ ಎಂಬುದೇ ನನ್ನ ಅಭಿಪ್ರಾಯ. ಗಾಯವನ್ನು ಮುಚ್ಚುವ ಕೆಲಸ ಮರದ್ದು. ಆ ಕೆಲಸಕ್ಕೆ ಅಡ್ಡಿಯಾಗದ ಲೇಪವೇ ಒಳ್ಳೆಯ ಲೇಪ. ಬಹುಪಾಲು ಗಾಯಗಳಿಗೆ ಯಾವ ಲೇಪವೂ ಬೇಕಿಲ್ಲ.

ನಮ್ಮ ಮೈಯ ಗಾಯ ಮಾಯುವ ರೀತಿಗೂ ಮರದ ಗಾಯ ಮುಚ್ಚುವ ರೀತಿಗೂ ಬಹಳ ಅಂತರವಿದೆ. ನಮ್ಮ ಚರ್ಮ ಹರಿದರೆ ಕೆಟ್ಟ ಜೀವಕೋಶಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತವೆ. ಮರಕ್ಕೆ ಆ ಸೌಕರ್ಯವಿಲ್ಲ. ಕಡಿದ ಕಟ್ಟಿಗೆ ಹಾಗೆಯೇ ಒಳಗುಳಿಯುತ್ತದೆ. ಮರವು ಅದರ ಸುತ್ತ ರಾಸಾಯನಿಕ ಗೋಡೆಗಳನ್ನು ಕಟ್ಟಿ, ಕೊಳೆತವು ಮುಂದುವರಿಯದಂತೆ ತಡೆದು, ಮೇಲಿನಿಂದ ಹೊಸ ಕಟ್ಟಿಗೆಯನ್ನೂ ತೊಗಟೆಯನ್ನೂ ಬೆಳೆಸಿ ಮರೆಮಾಡುತ್ತದೆ. ಈ ಹೊಸ ಬೆಳೆ ಹುಟ್ಟುವುದು ಗಾಯದ ನಡುವಿನಿಂದಲ್ಲ, ಅಂಚಿನಿಂದ. ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ಅತಿ ತೆಳುವಾದ ಹಸಿ ಪದರವುಂಟು. ಅದು ಹಸಿಯಾಗಿದ್ದಷ್ಟೂ ಬೇಗ ಉಬ್ಬಿ, ಬಳೆಯಂತೆ ಗಾಯವನ್ನು ಸುತ್ತುವರಿದು, ಒಳಮುಖವಾಗಿ ಸರಿಯುತ್ತ ಬರುತ್ತದೆ. ಅದು ಒಣಗಿದರೆ ಅಂಚು ಹಿಂದಕ್ಕೆ ಸತ್ತು, ಗಾಯ ಇನ್ನೂ ಹಿರಿದಾಗುತ್ತದೆ.

ಮರದ ಗಾಯಕ್ಕೆ ಲೇಪ ಹಚ್ಚುವ ವಾಡಿಕೆ ಪುರಾತನವಾದುದು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಭಾಗದಲ್ಲಿ ವಾಯುವಿಳಂಗ, ತುಪ್ಪ ಮತ್ತು ಕೆಸರುಗಳ ಲೇಪವನ್ನು ವಿಧಿಸಿದ್ದಾನೆ. ಆದರೆ ಅವನು ಹೇಳಿದ ಕ್ರಮವನ್ನು ಗಮನಿಸಬೇಕು. ಮೊದಲು ಶಸ್ತ್ರದಿಂದ ಕೆಟ್ಟ ಭಾಗವನ್ನು ಶೋಧಿಸಿ ತೆಗೆಯಬೇಕು, ಲೇಪ ಅನಂತರದ್ದು. ಇಂಗ್ಲೆಂಡಿನಲ್ಲಿ ಮೂರನೆಯ ಜಾರ್ಜ್ ದೊರೆಯ ತೋಟಗಾರನಾಗಿದ್ದ ವಿಲಿಯಂ ಫಾರ್ಸೈತನು 1791ರಲ್ಲಿ ಸೆಗಣಿ, ಹಳೆಯ ಸುಣ್ಣ, ಕಟ್ಟಿಗೆಯ ಬೂದಿ, ಮರಳು ಇವುಗಳ ಲೇಪವೊಂದನ್ನು ಪ್ರಕಟಿಸಿ, ಟೊಳ್ಳಾದ ಮರಗಳೂ ಇದರಿಂದ ಗಟ್ಟಿಯಾಗುವುವೆಂದು ಸಾರಿದನು. ಸರಕಾರ ಅವನಿಗೆ ಬಹುಮಾನದ ಹಣವನ್ನೂ ಕೊಟ್ಟಿತು. ಥಾಮಸ್ ಆಂಡ್ರ್ಯೂ ನೈಟ್ ಎಂಬ ಸಸ್ಯಶಾಸ್ತ್ರಜ್ಞನು ಆ ಕಾಲದಲ್ಲಿಯೇ ಇದನ್ನು ಬಲವಾಗಿ ಖಂಡಿಸಿದನು. ಆದರೂ ಲೇಪವೇ ಮರವನ್ನು ಗುಣಪಡಿಸುತ್ತದೆ ಎಂಬ ನಂಬಿಕೆ ಜನರ ಮನಸ್ಸಿನಿಂದ ಅಳಿಯಲಿಲ್ಲ.

ಈ ನಂಬಿಕೆಯನ್ನು ಒರೆಗೆ ಹಚ್ಚಿದವರಲ್ಲಿ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ ಪ್ರಮುಖರು. ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆತದ ಹಾದಿಯನ್ನು ಅವರು ಪರಿಶೀಲಿಸಿದರು. ಅವರೂ ಅವರ ಸಹೋದ್ಯೋಗಿಗಳೂ 13 ವರ್ಷ ನಡೆಸಿದ ಪರೀಕ್ಷೆಗಳ ಫಲ 1983ರಲ್ಲಿ ಪ್ರಕಟವಾಯಿತು. ಲೇಪ ಹಚ್ಚಿದ ಗಾಯದಲ್ಲಿಯೂ ಹಚ್ಚದ ಗಾಯದಲ್ಲಿಯೂ ಕೊಳೆತ ಬರುವುದನ್ನು ಯಾವ ಲೇಪವೂ ತಡೆಯಲಿಲ್ಲವೆಂಬುದೇ ಅದರ ಸಾರ. ಇಂದು ಹೆಮ್ಮರಗಳನ್ನು ಸವರುವ ತಜ್ಞರು ಸಾಮಾನ್ಯವಾಗಿ ಲೇಪವನ್ನು ಹಚ್ಚುವುದಿಲ್ಲ.

‘ಹಾಗಾದರೆ ನಮ್ಮ ಕುಂಡದ ಮರಕ್ಕೂ ಲೇಪವೇಕೆ?’ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡು ಕಡೆಗಳಲ್ಲಿ ಉದ್ದೇಶ ಬೇರೆ. ಹೆಮ್ಮರದ ವಿಷಯದಲ್ಲಿ ಲೇಪದಿಂದ ನಿರೀಕ್ಷಿಸಿದ್ದು ಕೊಳೆತದ ನಿವಾರಣೆ, ಅದು ಕೈಗೂಡಲಿಲ್ಲ. ಕುಬ್ಜವೃಕ್ಷದಲ್ಲಿ ನಾವು ಬಯಸುವುದು ಗಾಯದ ಅಂಚು ಒಣಗದಿರಲಿ, ಹೊಸ ತೊಗಟೆ ಬೇಗ ನುಣ್ಣಗೆ ಕೂಡಿಕೊಳ್ಳಲಿ ಎಂಬಷ್ಟನ್ನೇ. ಹೆಬ್ಬೆರಳ ಗಾತ್ರದ ಬೊಡ್ಡೆಯಲ್ಲಿ ಬೆರಳಗಲದ ಗಾಯವೂ ದೊಡ್ಡದೇ. ತೆಳುವಾದ ತೊಗಟೆ ಬಿಸಿಲುಗಾಳಿಗೆ ಬೇಗ ಒಣಗುತ್ತದೆ. ಇಲ್ಲಿ ಬೆಳೆಗಾರರ ಅನುಭವವೇ ಮುಖ್ಯ ಪ್ರಮಾಣವೆಂಬುದನ್ನು ಒಪ್ಪಿಕೊಂಡೇ, ದೊಡ್ಡ ಗಾಯಗಳಿಗೆ ಮಾತ್ರ ಲೇಪ ಯುಕ್ತವೆಂದು ನಾನು ಹೇಳುತ್ತೇನೆ. ಪೆನ್ಸಿಲ್ಲಿಗಿಂತ ಸಣ್ಣ ರೆಂಬೆಯನ್ನು ಸವರಿದರೆ ಹಾಗೆಯೇ ಬಿಡಿರಿ. ಅದಕ್ಕಿಂತ ದಪ್ಪವಾದುದನ್ನು, ಅದರಲ್ಲಿಯೂ ಬೊಡ್ಡೆಗೆ ಅಂಟಿದಂತೆ ಕಡಿದರೆ, ಲೇಪ ಹಚ್ಚಿರಿ.

ಇನ್ನು ಆಯ್ಕೆಯ ಮಾತು. ಜಪಾನೀ ಪದ್ಧತಿಯ ಲೇಪಗಳಲ್ಲಿ ಮುಖ್ಯವಾದವು ಎರಡು. ಒಂದು, ಕಣಕದ ಮುದ್ದೆಯಂತಿರುವುದು. ಒದ್ದೆ ಬೆರಳಿನಿಂದ ಚಿಟಿಕೆಯಷ್ಟು ತೆಗೆದು ನಾದಿ, ಗಾಯದ ಅಂಚನ್ನು ಮುಚ್ಚುವಂತೆ ಒತ್ತಬೇಕು. ಇದು ಗಟ್ಟಿಯಾಗದೆ ಮೆತ್ತಗೆ ಉಳಿಯುವುದರಿಂದ ಹೊಸ ಬೆಳೆ ಉಬ್ಬಿದಂತೆ ತಾನೇ ಹಿಂಜರಿದು ದಾರಿ ಬಿಡುತ್ತದೆ. ಇನ್ನೊಂದು, ಕೊಳವೆಯಿಂದ ಹಿಂಡಿ ಹಚ್ಚುವ ದ್ರವ. ಒಣಗಿದ ಮೇಲೆ ಇದು ರಬ್ಬರಿನ ಪೊರೆಯಾಗುತ್ತದೆ. ನಯವಾದ ತೊಗಟೆಯ ಮರಗಳ ಸಾಧಾರಣ ಗಾಯಕ್ಕೆ ಇದು ಸಾಕು. ಆದರೆ ಅವಸರದಿಂದ ಕಿತ್ತರೆ ಹೊಸ ತೊಗಟೆಯೂ ಜೊತೆಗೆ ಕಿತ್ತು ಬರುತ್ತದೆ. ಇವೆರಡರಲ್ಲಿ ದೊಡ್ಡ ಗಾಯಕ್ಕೆ ಮುದ್ದೆಯೇ ಲೇಸೆಂಬುದು ನನ್ನ ಮತ. ಬೆಲೆಯ ವಿಚಾರಕ್ಕೆ ಅಳುಕಬೇಕಾಗಿಲ್ಲ. ಒಂದು ಗಾಯಕ್ಕೆ ಬೇಕಾಗುವುದು ಕಡಲೆಕಾಳಿನಷ್ಟು. ತರಗತಿಯ ಹತ್ತು ಮಂದಿ ಕೂಡಿ ಒಂದು ಡಬ್ಬಿ ಕೊಂಡರೆ ಬಹುಕಾಲ ಬರುತ್ತದೆ.

ಮನೆಯಲ್ಲಿ ದೊರೆಯುವ ವಸ್ತುಗಳನ್ನು ಕುರಿತು ಎರಡು ಮಾತು. ಅರಿಸಿನದ ಪುಡಿ ಒಣಗಿ ಉದುರಿಹೋಗುತ್ತದೆ. ಅಂಚಿನ ಹಸಿಯನ್ನು ಅದು ಹಿಡಿದಿಡಲಾರದು. ಡಾಂಬರು, ಎಣ್ಣೆಬಣ್ಣಗಳನ್ನು ಸರ್ವಥಾ ಹಚ್ಚಕೂಡದು. ಅವುಗಳಲ್ಲಿನ ದ್ರಾವಕಗಳು ಕ್ಯಾಂಬಿಯಮ್ಮಿಗೆ ಹಾನಿಕರ. ಸಿಮೆಂಟು ಬಿರಿದು, ಸಂದಿನಲ್ಲಿ ನೀರು ನಿಲ್ಲಿಸುತ್ತದೆ. ಮರಗೆಲಸದ ಬಿಳಿಯ ಅಂಟು ಮಳೆಗೆ ಮೆತ್ತಗಾಗಿ ತೊಳೆದುಹೋಗುತ್ತದೆ. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ಮುಲಾಮನ್ನು ನಮ್ಮ ತೋಟಗಾರರು ಹಣ್ಣಿನ ಮರಗಳಿಗೆ ಬಳಿಯುವುದುಂಟು. ಅದು ಶಿಲೀಂಧ್ರದ ರೋಗಕ್ಕೆ ತಕ್ಕುದೇ ಹೊರತು ಅಂಚನ್ನು ಹಸಿಯಾಗಿಡುವ ಕೆಲಸ ಅದರದ್ದಲ್ಲ.

ಮರದ ಜಾತಿ ಮತ್ತು ಋತುಗಳನ್ನೂ ನೋಡಬೇಕು. ಆಲ, ಅರಳಿ, ಅತ್ತಿಗಳನ್ನು ಕಡಿದೊಡನೆ ಬಿಳಿಯ ಸೊನೆ ಸುರಿಯುತ್ತದೆ. ಸೊನೆ ಹರಿಯುತ್ತಿರುವಾಗ ಯಾವ ಲೇಪವೂ ಹಿಡಿಯದು. ಅದು ನಿಲ್ಲುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಒರಸಿ, ಬಳಿಕ ಹಚ್ಚಬೇಕು. ಸಣ್ಣ ಗಾಯಕ್ಕಾದರೆ ಆ ಸೊನೆಯೇ ನಿಸರ್ಗ ಕೊಟ್ಟ ಲೇಪ. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆ. ಜಡಿಮಳೆಯ ದಿನಗಳಲ್ಲಿ ಅಂಚು ಒಣಗುವ ಭಯ ಕಡಿಮೆ, ಮುಚ್ಚಿಗೆಯ ಕೆಳಗೆ ನೀರು ಸೇರಿ ಬೂಷ್ಟು ಹಿಡಿಯುವ ಭಯ ಹೆಚ್ಚು. ಆದುದರಿಂದ ದಪ್ಪ ಕೊಂಬೆಯ ಕೆಲಸವನ್ನು ಜಡಿಮಳೆಯಲ್ಲಿ ಮಾಡದೆ, ಮರ ಚಿಗುರುವ ಹುರುಪಿನಲ್ಲಿರುವ, ಮಳೆಯಿಲ್ಲದ ದಿನಗಳಿಗೆ ಇಟ್ಟುಕೊಳ್ಳುವುದು ವಿವೇಕ.

ಲೇಪಕ್ಕಿಂತಲೂ ಹೆಚ್ಚಿನದು ಕಡಿಯುವ ರೀತಿ. ಮೊಂಡು ಕತ್ತರಿ ತೊಗಟೆಯನ್ನು ಜಜ್ಜುತ್ತದೆ. ಜಜ್ಜಿದ ಅಂಚಿಗೆ ಎಂತಹ ಬೆಲೆಯುಳ್ಳ ಲೇಪ ಹಚ್ಚಿದರೂ ಪ್ರಯೋಜನವಿಲ್ಲ. ಆಯುಧವನ್ನು ಸ್ಪಿರಿಟ್ಟಿನಿಂದ ಒರಸಿ, ಕಡಿದ ಮೇಲೆ ಹರಿತವಾದ ಚಾಕುವಿನಿಂದ ಅಂಚನ್ನು ನುಣುಪುಗೊಳಿಸಿ, ಗಾಯದ ನಡುವನ್ನು ತುಸು ತಗ್ಗಾಗಿಸಬೇಕು. ಹಾಗೆ ಮಾಡಿದರೆ ಹೊಸ ಬೆಳೆ ತುಂಬಿಕೊಂಡಾಗ ಗಂಟು ಉಳಿಯದೆ ಬೊಡ್ಡೆ ಸಮವಾಗುತ್ತದೆ. ಲೇಪ ಹಚ್ಚಿದೆವೆಂದು ಮರೆತುಬಿಡಕೂಡದು. ಕೆಲವು ವಾರಗಳಿಗೊಮ್ಮೆ ಅದರ ಅಂಚನ್ನು ಎತ್ತಿ ನೋಡಬೇಕು. ಒಳಗೆ ಕಪ್ಪಾಗಿ ಮೆತ್ತಗಾಗಿದ್ದರೆ ಲೇಪವನ್ನು ತೆಗೆದು, ಕೆಟ್ಟದ್ದನ್ನು ಕೆತ್ತಿ, ಗಾಳಿಯಾಡಲು ಬಿಡಬೇಕು. ಮುಚ್ಚಿದ ಕೊಳೆತ ಕಣ್ಣಿಗೆ ಬೀಳದೆ ಒಳಗೇ ಬೆಳೆಯುತ್ತದೆ. ಇದೇ ಲೇಪದ ಅತಿ ದೊಡ್ಡ ಅಪಾಯ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಚರ್ಚೆಯೇ ಎಂದು ಕೆಲವರಿಗೆ ಅನಿಸೀತು. 1923ರ ಭೂಕಂಪದ ಅನಂತರ ಟೋಕಿಯೋದ ಬೊನ್ಸಾಯ್ ಬೆಳೆಗಾರರು ಅಲ್ಲಿಂದ ವಲಸೆ ಹೋಗಿ 1925ರಲ್ಲಿ ಓಮಿಯಾದಲ್ಲಿ ತಮ್ಮದೇ ಗ್ರಾಮವೊಂದನ್ನು ಕಟ್ಟಿಕೊಂಡರು. ಒಬ್ಬನ ಆಯುಷ್ಯ ಮುಗಿದ ಮೇಲೂ ಮರ ಮುಂದಿನವರ ಕೈಗೆ ಸಾಗುವ ಕಲೆ ಇದು. ಮರದೊಂದಿಗೆ ಅದರ ಗಾಯದ ಗುರುತೂ ಮುಂದಿನವರಿಗೆ ಸಲ್ಲುತ್ತದೆ. ಹತ್ತು ವರ್ಷ ನೀರೆರೆದು ಬೆಳೆಸಿದ ಆಲದ ಬೊಡ್ಡೆ ಒಂದು ಅವಿಚಾರದ ಲೇಪದ ಕೆಳಗೆ ಟೊಳ್ಳಾದರೆ ಆ ಹತ್ತು ವರ್ಷಗಳನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ಆದಕಾರಣ ವಿದ್ಯಾರ್ಥಿ ಮಿತ್ರರು ಲೇಪದ ಡಬ್ಬಿಯನ್ನು ಕೊಳ್ಳುವ ಮೊದಲು ಹರಿತವಾದ ಚಾಕುವೊಂದನ್ನು ಹಿರಿಯರ ಸಹಾಯದಿಂದ ಸಂಪಾದಿಸಿ, ಅವರ ಎದುರಿನಲ್ಲಿಯೇ ಅದನ್ನು ಬಳಸಲು ಕಲಿಯಲಿ. ಡಬ್ಬಿಯ ಅಗತ್ಯ ಎಷ್ಟು ಕಡಿಮೆಯೆಂಬುದು ಆಗ ಅವರಿಗೇ ತಿಳಿಯುವುದು.